ಉಸಿರು ಹಿಡಿಯಬ್ಯಾಡ್ರಿ

ಸಮುದ್ರದೊಳಗೆ ಇಳಿಯುವ ವಿದ್ಯೆಯ ಮುಕ್ಕಾಲು ಪಾಲನ್ನು ಬೆಳಗಾವಿಯಲ್ಲೇ ಕಲಿಯಬಹುದು. ಇದನ್ನು ಹೇಳಿದರೆ ನಮ್ಮ ಬ್ಯಾಂಕಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಓದುವುದು ಮನೆಯಲ್ಲಿ, ಡಾಕ್ಟರ್ ಸಹಿ ಊರಲ್ಲಿ, ಸಿಲಿಂಡರ್ ಹೊತ್ತು ಅಭ್ಯಾಸ ಮಾಡುವುದು ಈಜುಕೊಳದಲ್ಲಿ. ಸಮುದ್ರ ಬೇಕಾಗುವುದು ಕೊನೆಗೆ.

ನಾನು ಮಾಡಿದ್ದು ಪ್ಯಾಡಿಯ ಓಪನ್ ವಾಟರ್ ಡೈವರ್ ಕೋರ್ಸ್. ಪ್ಯಾಡಿ 1966ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಸ್ಕೂಬಾ ಅಂದರೆ ಸಿಲಿಂಡರ್ ಹೊತ್ತು ಮುಳುಗುವುದನ್ನು ಕಲಿಸುವ ಸಂಸ್ಥೆ. ಅದರ ಕಾರ್ಡ್ ಕೈಯಲ್ಲಿದ್ದರೆ ಜೊತೆಗಾರರೊಬ್ಬರ ಸಂಗಡ 18 ಮೀಟರ್ ಆಳದವರೆಗೆ ಇಳಿಯಬಹುದು. ಮುರ್ಡೇಶ್ವರಕ್ಕೆ ಹೋದ ಪ್ರವಾಸಿಗರು ಮಾಡುವ ಸ್ಕೂಬಾ ಬೇರೆ. ಅಲ್ಲಿ ತರಬೇತುದಾರರೇ ನಮ್ಮನ್ನು ಹಿಂದಿನಿಂದ ಹಿಡಿದುಕೊಂಡು ತಿರುಗಾಡಿಸುತ್ತಾರೆ. ನಮ್ಮ ಕೆಲಸ ಉಸಿರಾಡುವುದು, ಫೋಟೋಗೆ ಕೈ ಬೀಸುವುದು, ಅಷ್ಟೇ. ಅದರಲ್ಲಿ ತಪ್ಪೇನಿಲ್ಲ. ನಾನೂ ಮೊದಲು ಹಾಗೇ ಹೋಗಿದ್ದೆ. ಆದರೆ ನನ್ನ ಬೆನ್ನ ಹಿಂದೆ ಆ ಮನುಷ್ಯ ಯಾವ ಬಟನ್ ಒತ್ತುತ್ತಿದ್ದಾನೆ, ನಾವು ಯಾಕೆ ಮೇಲೆ ಹೋದೆವು, ಯಾಕೆ ಕೆಳಗಿಳಿದೆವು ಅನ್ನುವುದೇ ನನಗೆ ಗೊತ್ತಾಗಲಿಲ್ಲ. ಅದು ತಲೆಯಲ್ಲಿ ಉಳಿದುಬಿಟ್ಟಿತು.

ಬೆಳಗಾವಿಯಲ್ಲಿ ಕಲಿಸುವವರು ಸಿಕ್ಕಿದ್ದು ನನ್ನ ಪುಣ್ಯ. ನೌಕಾಪಡೆಯಿಂದ ನಿವೃತ್ತರಾದವರು, ಗೋಕಾಕ ಕಡೆಯವರು. ವಾರದ ಕೊನೆಗೆ ಒಂದು ಈಜುಕೊಳದ ಆಳದ ಭಾಗವನ್ನು ಬಾಡಿಗೆಗೆ ಹಿಡಿದು ನಾಲ್ಕೈದು ಜನಕ್ಕೆ ಕಲಿಸುತ್ತಿದ್ದರು. ನನ್ನ ಜೋಡಿ ವಿಜಯಪುರದ ಒಬ್ಬ ಹುಡುಗ. ಇಂಜಿನಿಯರಿಂಗ್ ಮುಗಿಸಿದವನು. ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತಾ ಕೊಳಕ್ಕೆ ಬರುತ್ತಿದ್ದ. ಮೊದಲ ದಿನದಿಂದಲೂ ನನ್ನನ್ನು ‘ಅಕ್ಕಾರ’ ಅಂತಲೇ ಕರೆದ.

ನೀರಿಗಿಂತ ಮೊದಲು ಕಾಗದ. ಹೆಸರು ಕೊಟ್ಟ ಕೂಡಲೇ ಆರೋಗ್ಯದ ಫಾರ್ಮ್ ಒಂದನ್ನು ತುಂಬಬೇಕು. ಆಸ್ತಮಾ ಇದೆಯಾ, ಎದೆ ನೋವು ಬಂದಿತ್ತಾ, ಫಿಟ್ಸ್ ಬರುತ್ತಾ, ಕಿವಿ ಅಥವಾ ಸೈನಸ್ ತೊಂದರೆ ಇದೆಯಾ ಅಂತೆಲ್ಲ ಕೇಳುತ್ತಾರೆ. ಇಂಥವಕ್ಕೆ ಹೌದು ಅಂದರೆ ಡಾಕ್ಟರ್ ಒಪ್ಪಿಗೆ ಬೇಕು. ನನಗೆ ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು. ದಿನವಿಡೀ ಬಾವಿಯಲ್ಲಿ ಬಿದ್ದಿರುತ್ತಿದ್ದ ನಮ್ಮೂರ ಮಕ್ಕಳಿಗೆಲ್ಲ ಅದು ಇದ್ದದ್ದೇ. ಹಾಗಾಗಿ ಹೌದು ಅಂತ ಬರೆದು, ಕಿವಿ ಡಾಕ್ಟರ್ ಹತ್ತಿರ ಹೋದೆ.

ಡಾಕ್ಟರ್ ಫಾರ್ಮನ್ನು ಹಿಂದೆ ಮುಂದೆ ತಿರುವಿ ನೋಡಿದರು. “ಸಮುದ್ರ ಎಲ್ಲೈತ್ರೀ ಇಲ್ಲಿ?” ಅಂದರು. ಆಮೇಲೆ ಕಿವಿಯೊಳಗೆ ಬೆಳಕು ಬಿಟ್ಟು, “ಮೂಗು ಒತ್ತಿ ಹಿಡೀರಿ, ಬಾಯಿ ಮುಚ್ಚಿ ಮೆಲ್ಲಕ ಊದ್ರಿ” ಅಂದರು. ಊದಿದೆ. ಒಳಗೆ ಟಪ್ ಅಂತ ಸದ್ದಾಯಿತು. “ಹಾಂ, ತಮಟೆ ಅಲುಗ್ತದ, ತೂತಿಲ್ಲ” ಅಂತ ಇನ್ನೊಂದು ಕಿವಿ ನೋಡಿದರು. ಸಹಿ ಹಾಕುವ ಮೊದಲು ಒಂದು ಮಾತು ಹೇಳಿದರು. ನೆಗಡಿ ಇದ್ದಾಗ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ, ಮಾತ್ರೆ ನುಂಗಿ ಇಳಿಯುವುದಂತೂ ಬೇಡವೇ ಬೇಡ. ಮಾತ್ರೆಯ ಗುಣ ನೀರಿನಡಿಯಲ್ಲೇ ಇಳಿದುಹೋದರೆ, ಕಿವಿಯ ಒಳಗೆ ಹಿಗ್ಗಿದ ಗಾಳಿಗೆ ಹೊರಗೆ ಬರುವ ದಾರಿ ಮುಚ್ಚಿಬಿಡುತ್ತದಂತೆ. ಬೆಳಗಾವಿಯ ಮಳೆಗಾಲದಲ್ಲಿ ಇದನ್ನು ಪಾಲಿಸುವುದು ಸುಲಭ ಅಲ್ಲ. ಶೀತ ಬಂದು ನನ್ನ ಪಾಠ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಯಿತು.

ಈಜಿನ ಪರೀಕ್ಷೆ ನನಗೆ ಭಾರ ಅನಿಸಲಿಲ್ಲ. 200 ಮೀಟರ್ ನಿಲ್ಲದೆ ಈಜಬೇಕು. ವೇಗದ ಲೆಕ್ಕ ಇಲ್ಲ, ಯಾವ ಥರದ ಈಜಾದರೂ ನಡೆಯುತ್ತದೆ. ಆಮೇಲೆ 10 ನಿಮಿಷ ಏನನ್ನೂ ಹಿಡಿಯದೆ ನೀರ ಮೇಲೆ ತೇಲಬೇಕು. ನನ್ನ ಊರು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕು. ಅಣ್ಣ ನನ್ನ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿ ಹೊಲದ ಬಾವಿಗೆ ನೂಕಿ ಈಜು ಕಲಿಸಿದ್ದ. ಆ ಬಾವಿ ಈಗ ಆಲಮಟ್ಟಿ ಹಿನ್ನೀರಿನ ತಳದಲ್ಲಿದೆ. ಅಲ್ಲಿ ನಮ್ಮ ದೊಡ್ಡ ಆಟ ಅಂದರೆ ಮುಳುಗಿ ತಳದ ರಾಡಿಯನ್ನು ಮುಷ್ಟಿಯಲ್ಲಿ ಹಿಡಿದು ತರುವುದು. ಯಾರು ಜಾಸ್ತಿ ಹೊತ್ತು ಉಸಿರು ಕಟ್ಟುತ್ತಾರೋ ಅವರೇ ಶೂರರು. ಹುಡುಗಿ ಅಂತ ಯಾರೂ ರಿಯಾಯಿತಿ ಕೊಡುತ್ತಿರಲಿಲ್ಲ.

ಈ ಶೂರತನವೇ ಕೊಳದಲ್ಲಿ ನನ್ನನ್ನು ಕಾಡಿದ್ದು.

ಯಾಕೆ ಅಂತ ತಿಳಿಯಲು ಸ್ವಲ್ಪ ವಿಜ್ಞಾನ ಬೇಕು. ಪಿಯುಸಿಯಲ್ಲಿ ಓದಿ ಮರೆತಿದ್ದ ಬಾಯ್ಲ್‌ನ ನಿಯಮ ಇಲ್ಲಿ ಎದುರಿಗೇ ಬಂದು ನಿಲ್ಲುತ್ತದೆ. ನೀರಿನ ಮೇಲೆ ನಮ್ಮ ಮೇಲಿರುವ ಒತ್ತಡ 1 ಬಾರ್. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದರೂ ಇನ್ನೊಂದು ಬಾರ್ ಕೂಡುತ್ತದೆ. 10 ಮೀಟರ್‌ನಲ್ಲಿ 2 ಬಾರ್, 20 ಮೀಟರ್‌ನಲ್ಲಿ 3. ಒತ್ತಡ ಎರಡರಷ್ಟಾದರೆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಬಾವಿಯಲ್ಲಿ ನಾವು ಮೇಲಿನ ಗಾಳಿಯನ್ನೇ ಎದೆಯಲ್ಲಿ ತುಂಬಿಕೊಂಡು ಮುಳುಗುತ್ತಿದ್ದೆವು. ಅದು ಕೆಳಗೆ ಕುಗ್ಗುತ್ತಿತ್ತು, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತಿತ್ತು. ಏನೂ ತೊಂದರೆ ಇಲ್ಲ. ಸ್ಕೂಬಾದಲ್ಲಿ ಹಾಗಲ್ಲ. ಬಾಯಲ್ಲಿರುವ ರೆಗ್ಯುಲೇಟರ್, ನಾವು ಎಷ್ಟು ಆಳದಲ್ಲಿದ್ದೇವೋ ಅಷ್ಟೇ ಒತ್ತಡದ ಗಾಳಿಯನ್ನು ಕೊಡುತ್ತದೆ. 10 ಮೀಟರ್‌ನಲ್ಲಿ ಎದೆ ತುಂಬ ಎಳೆದುಕೊಂಡು, ಬಾಯಿ ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಜಾಗ ಕೇಳುತ್ತದೆ. ಶ್ವಾಸಕೋಶ ಹರಿಯಬಹುದು. ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಮೂರು ಮೀಟರ್‌ನ ಕೊಳದಲ್ಲೂ ಈ ಅಪಾಯ ಇದೆ.

ಹಾಗಾಗಿ ಸ್ಕೂಬಾದ ಮೊದಲ ನಿಯಮ ಇದು: ಉಸಿರಾಡುತ್ತಲೇ ಇರಿ, ಎಂದೂ ಹಿಡಿಯಬೇಡಿ. ನಮ್ಮ ಸರ್ ಇದನ್ನು ಎಷ್ಟು ಸಲ ಹೇಳಿದರೋ. “ಮೇಡಂ, ಉಸಿರು ಹಿಡಿಯಬ್ಯಾಡ್ರಿ.” ಕೊಳದ ದಂಡೆ ಮೇಲೆ ಹೇಳಿದರು, ಚಹಾ ಕುಡಿಯುವಾಗ ಹೇಳಿದರು, ನೀರಿನಡಿ ಸ್ಲೇಟಿನ ಮೇಲೂ ಬರೆದು ತೋರಿಸಿದರು.

ತಲೆಗೆ ಗೊತ್ತಾದರೆ ಸಾಲದು, ಎದೆಗೆ ಗೊತ್ತಾಗಬೇಕಲ್ಲ. ಕೊಳದ ತಳದಲ್ಲಿ ಮೊಣಕಾಲೂರಿ ಕೂತಿದ್ದೇನೆ. ಒಳಗೆ ಎಳೆದರೆ ಕಿವಿಯ ಪಕ್ಕದಲ್ಲೇ ‘ಸ್ಸ್’ ಅಂತ ಸದ್ದು. ಬಿಟ್ಟರೆ ಕೆನ್ನೆ ಸವರಿ ಗುಳ್ಳೆಗಳು ಗುಡುಗುಡು ಮೇಲೇಳುತ್ತವೆ. ಎಲ್ಲ ಸರಿಯಾಗಿದೆ. ಆದರೆ ಪ್ರತಿ ಸಲ ಎಳೆದ ಮೇಲೆ ಎದೆ ತಾನಾಗಿಯೇ ಗಕ್ಕನೆ ನಿಲ್ಲುತ್ತದೆ. ನೀರಿನಡಿ ಇದ್ದೀಯ, ಇದ್ದ ಗಾಳಿ ಕಾಪಾಡಿಕೋ ಅನ್ನುವ ಹಳೇ ಅಭ್ಯಾಸ. ಸರ್‌ಗೆ ನನ್ನ ಮುಖ ನೋಡುವ ಅಗತ್ಯವೇ ಇರಲಿಲ್ಲ. ಗುಳ್ಳೆ ನಿಂತ ಕೂಡಲೇ ಗೊತ್ತಾಗುತ್ತಿತ್ತು. ಬಂದು ಭುಜ ತಟ್ಟುತ್ತಿದ್ದರು. ಈಜು ಬಾರದೆ ಹೊಸದಾಗಿ ಕಲಿತು ಬಂದಿದ್ದ ವಿಜಯಪುರದ ಹುಡುಗನಿಗೆ ಈ ಕಾಟವೇ ಇಲ್ಲ! ಅವನು ಮೊದಲ ದಿನವೇ ಪಡಸಾಲೆಯಲ್ಲಿ ಕೂತವನ ಥರ ಆರಾಮಾಗಿ ಉಸಿರಾಡಿದ.

ಕೊನೆಗೆ ಸರ್ ಒಂದು ಉಪಾಯ ಹೇಳಿದರು. “ಒಂದ್ ಹಾಡು ಗುನುಗ್ರಿ. ಗುನುಗೂ ಮಂದಿ ಉಸಿರು ಹಿಡಿಯಾಕ ಆಗೂದಿಲ್ಲ.” ನಗು ಬಂತು. ಆದರೂ ಮಾಡಿದೆ. ನಮ್ಮವ್ವ ಜೋಳ ಬೀಸುವಾಗ ಹಾಡುತ್ತಿದ್ದ ಪದ ನೆನಪಾಯಿತು. ಅದನ್ನು ರೆಗ್ಯುಲೇಟರ್ ಕಚ್ಚಿಕೊಂಡೇ ಗುನುಗಿದೆ. ಎಳೆದುಕೊಂಡೆ, ಒಂದು ಸಾಲು ಗುನುಗಿ ಬಿಟ್ಟೆ, ಮತ್ತೆ ಎಳೆದುಕೊಂಡೆ. ಗುಳ್ಳೆಗಳು ಒಂದೇ ಸಮ ಬರತೊಡಗಿದವು. ಬೀಸುವ ಹಾಡಿನ ಲಯ ನಿಧಾನ, ಉದ್ದ. ಡೈವಿಂಗ್‌ಗೆ ಬೇಕಾದ ಉಸಿರೂ ಅಂಥದ್ದೇ. ಅವ್ವನಿಗೆ ಫೋನ್ ಮಾಡಿ ಹೇಳಿದೆ. “ನೀರಾಗ ಮುಳುಗಿ ಹಾಡು ಹೇಳಾಕ ರೊಕ್ಕಾ ಕೊಡ್ತಿಯೇನ ಯವ್ವಾ?” ಅಂದಳು.

ಇನ್ನು ಸಿಲಿಂಡರ್ ವಿಷಯ. ಕೊರೊನಾ ಕಾಲ ಕಂಡ ಮೇಲೆ ನಮ್ಮ ಕಡೆ ಎಲ್ಲರೂ ಇದನ್ನು ಆಕ್ಸಿಜನ್ ಸಿಲಿಂಡರ್ ಅಂದುಕೊಳ್ಳುತ್ತಾರೆ. ಅದರಲ್ಲಿ ಇರುವುದು ನಾವು ದಿನಾ ಉಸಿರಾಡುವ ಮಾಮೂಲಿ ಗಾಳಿ. ಸುಮಾರು 21 ಭಾಗ ಆಮ್ಲಜನಕ, ಉಳಿದದ್ದು ಹೆಚ್ಚೂಕಮ್ಮಿ ಸಾರಜನಕ. ಸೋಸಿ, ಒಣಗಿಸಿ, 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಬರೀ ಆಮ್ಲಜನಕ ತುಂಬಿ ಆಳಕ್ಕೆ ಹೋದರೆ ಅದೇ ವಿಷವಾಗುತ್ತದೆ, ಫಿಟ್ಸ್ ಬರಬಹುದು. ಸಿಲಿಂಡರ್, ರೆಗ್ಯುಲೇಟರ್ ಸೇರಿದ ಈ ಉಪಕರಣಕ್ಕೆ ಈಗಿನ ರೂಪ ಬಂದದ್ದು 1943ರಲ್ಲಿ, ಫ್ರಾನ್ಸಿನ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಕೈಯಲ್ಲಿ. ಗಾನ್ಯಾನ್ ಗ್ಯಾಸ್ ಕಂಪನಿಯ ಇಂಜಿನಿಯರ್. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಮಾಡಿದ್ದ ವಾಲ್ವನ್ನೇ ಅವನು ಮನುಷ್ಯರ ಉಸಿರಿಗೆ ಹೊಂದಿಸಿದ. ನನಗೆ ಈ ಕಥೆ ಬಹಳ ಇಷ್ಟ.

ಮಾಸ್ಕ್ ತೆಗೆದು ಮತ್ತೆ ಹಾಕುವುದು ಎಲ್ಲರಿಗೂ ಭಯದ ಪಾಠ. ಮೊದಲು ಮಾಸ್ಕಿನೊಳಗೆ ಅರ್ಧ ನೀರು ಬಿಟ್ಟುಕೊಳ್ಳಬೇಕು. ಆಮೇಲೆ ಪೂರ್ತಿ. ಆಮೇಲೆ ತೆಗೆದೇಬಿಡಬೇಕು. ಮೂಗಿನ ಹೊಳ್ಳೆಗೆ ತಣ್ಣೀರು ತಾಗಿದ ಕೂಡಲೇ ಮೈಯೆಲ್ಲ ಮೇಲಕ್ಕೆ ಓಡು ಅನ್ನುತ್ತದೆ. ಓಡಬಾರದು. ಬಾಯಿಂದ ಎಳೆಯಬೇಕು. ಮಾಸ್ಕನ್ನು ಮುಖಕ್ಕೆ ಇಟ್ಟು, ಮೇಲಿನ ಅಂಚನ್ನು ಎರಡು ಬೆರಳಿಂದ ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತಾ ಮೂಗಿನಿಂದ ಊದಬೇಕು. ಗಾಳಿ ಮೇಲೆ ತುಂಬಿದಂತೆ ನೀರು ಕೆಳಗಿನ ಅಂಚಿನಿಂದ ಹೊರಗೆ ಹೋಗುತ್ತದೆ. ನನ್ನ ಮಾಸ್ಕ್ ಖಾಲಿಯಾದಷ್ಟೂ ಮತ್ತೆ ತುಂಬುತ್ತಿತ್ತು. ನೋಡಿದರೆ ಹಣೆಯ ಮೇಲಿನ ಎರಡೇ ಎರಡು ಕೂದಲು ರಬ್ಬರಿನ ಅಡಿ ಸಿಕ್ಕಿಕೊಂಡಿದ್ದವು. ಅಷ್ಟು ಸಾಕು ನೀರಿಗೆ. ಅಂದಿನಿಂದ ತಲೆಗೆ ಬಿಗಿಯಾಗಿ ಟೋಪಿ. ತಾಳಿ, ಬಳೆ, ಕಿವಿಯೋಲೆಗಳನ್ನೂ ಮನೆಯಲ್ಲೇ ಇಡಲು ಸರ್ ಹೇಳಿದರು. ಜೋತಾಡುವುದೆಲ್ಲ ಕೊಳವೆಗೆ ಸಿಕ್ಕಿಕೊಳ್ಳುತ್ತದೆ. ಅತ್ತೆಯವರು ಏನೋ ಹೇಳುತ್ತಾರೆ ಅಂದುಕೊಂಡಿದ್ದೆ. “ತೆಗದಿಡು, ಬಂಗಾರ ನೀರಾಗ ಬಿದ್ದೀತು” ಅಂದರು, ಅಷ್ಟೇ.

ಉಳಿದ ಪಾಠಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬಾಯಿಂದ ಜಾರಿದ ರೆಗ್ಯುಲೇಟರ್ ಹುಡುಕಿ ಹಿಡಿಯುವುದು. ಜೊತೆಗಾರನ ಗಾಳಿ ಮುಗಿದರೆ ನನ್ನ ಎರಡನೇ ರೆಗ್ಯುಲೇಟರ್ ಕೊಡುವುದು. ನನ್ನದೇ ಮುಗಿದರೆ ‘ಆ…’ ಅಂತ ಸ್ವರ ಬಿಡುತ್ತಾ ಮೇಲೆ ಬರುವುದು. ಕೈಸನ್ನೆಗಳು. ಹೆಬ್ಬೆರಳು ಮೇಲೆ ಮಾಡಿದರೆ ‘ಭಾರಿ ಐತಿ’ ಅಂತಲ್ಲ, ‘ಮೇಲೆ ಹೋಗೋಣ’ ಅಂತ. ನೀರಿನಡಿ ಖುಷಿಯಾಗಿ ಹೆಬ್ಬೆರಳು ತೋರಿಸಿದರೆ ಇಡೀ ಗುಂಪೇ ಡೈವ್ ಮುಗಿಸಿ ಹೊರಟುಬಿಡುತ್ತದೆ.

ಮಳೆಗಾಲ ಮುಗಿದು ಸಮುದ್ರ ಶಾಂತವಾದ ಮೇಲೆ ಮುರ್ಡೇಶ್ವರಕ್ಕೆ ಹೊರಟೆವು. ಖಾನಾಪುರ, ಅಳ್ನಾವರ, ಹಳಿಯಾಳ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ. ಖಾನಾಪುರ ದಾಟುವಾಗ ಸರ್ ಒಂದು ಮಾತು ಹೇಳಿದರು. ಈ ತಾಲ್ಲೂಕಿನಲ್ಲಿ ಹುಟ್ಟುವ ಮಲಪ್ರಭೆ ಮೂಡಲಕ್ಕೆ ಹರಿದು ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಇದೇ ತಾಲ್ಲೂಕಿನ ಮಹದಾಯಿ ಪಡುವಲಕ್ಕೆ ಹರಿದು ಗೋವಾದಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. “ಇಲ್ಲಿ ಹಳ್ಳಕ್ಕ ಒಗದ ಪ್ಲಾಸ್ಟಿಕ್ ಎರಡೂ ಸಮುದ್ರಕ್ಕ ಹೋಗ್ತೈತಿ ನೋಡ್ರಿ.” ಬೆಳಗಾವಿಯವರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ನೇತ್ರಾಣಿ ದ್ವೀಪ ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ದೂರ. ದೋಣಿಯಲ್ಲಿ ಒಂದು ತಾಸಿಗೂ ಹೆಚ್ಚು ಹಿಡಿಯಿತು. ಹಿಂದೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪ ಇದು. ಬಿಳಿಹೊಟ್ಟೆಯ ಸಮುದ್ರ ಹದ್ದುಗಳು ಗೂಡು ಕಟ್ಟುವ ಜಾಗ. ನಾವು ದ್ವೀಪದ ಮೇಲೆ ಕಾಲಿಡಲಿಲ್ಲ. ದೋಣಿಯ ಓಲಾಟಕ್ಕೆ ವಿಜಯಪುರದ ಹುಡುಗ ಬೆಳಗಿನ ಇಡ್ಲಿಯನ್ನೆಲ್ಲ ಸಮುದ್ರಕ್ಕೆ ಅರ್ಪಿಸಿದ. ನೀರಿಗೆ ಇಳಿದ ಮೇಲೆಯೇ ಅವನು ಚೇತರಿಸಿಕೊಂಡದ್ದು.

ಕೊಳದ ಲೆಕ್ಕ ಸಮುದ್ರದಲ್ಲಿ ನಡೆಯುವುದಿಲ್ಲ ಅನ್ನುವುದು ಮೊದಲ ನಿಮಿಷದಲ್ಲೇ ಗೊತ್ತಾಯಿತು. ಉಪ್ಪುನೀರು ಸಿಹಿನೀರಿಗಿಂತ ಭಾರ, ಹಾಗಾಗಿ ನಮ್ಮನ್ನು ಜಾಸ್ತಿ ತೇಲಿಸುತ್ತದೆ. ಬೆಳಗಾವಿಯಲ್ಲಿ ಸಾಕಾಗುತ್ತಿದ್ದ, ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟ್‌ಗೆ ಇಲ್ಲಿ ಇನ್ನೂ ಎರಡು ತುಂಡು ಸೇರಿಸಬೇಕಾಯಿತು. ಲಂಗರಿನ ಹಗ್ಗ ಹಿಡಿದು, ಒಂದೊಂದು ಮೀಟರ್‌ಗೂ ಮೂಗು ಒತ್ತಿ ಕಿವಿ ಬಿಡಿಸಿಕೊಳ್ಳುತ್ತಾ ಇಳಿದೆವು. ಆಳಕ್ಕೆ ಹೋದಷ್ಟೂ ಬಣ್ಣ ಕಳೆಯುತ್ತದೆ. ಮೊದಲು ಹೋಗುವುದು ಕೆಂಪು. ಸವದತ್ತಿ ಗುಡ್ಡದಿಂದ ತಂದು ಅವ್ವ ನನ್ನ ಮಣಿಕಟ್ಟಿಗೆ ಕಟ್ಟಿದ್ದ ಕೆಂಪು ದಾರ ಕಂದಾಯಿತು, ಇನ್ನೂ ಕೆಳಗೆ ಹೋದಾಗ ಕಪ್ಪೇ ಆಯಿತು. ಸರ್ ಟಾರ್ಚ್ ಬಿಟ್ಟರು. ದಾರ ಮತ್ತೆ ಕೆಂಪು.

ಮೀನುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನೂ ನೋಡಿದೆ. ನೀಲಿ ಟ್ರಿಗರ್ ಮೀನುಗಳ ದೊಡ್ಡ ಹಿಂಡು, ಹವಳವನ್ನು ಕಟಕಟ ಕಚ್ಚುವ ಗಿಳಿಮೀನು, ಬಂಡೆಯ ಸಂದಿಯಿಂದ ಬಾಯಿ ತೆರೆದು ನೋಡುವ, ಹಾವಿನಂಥ ಮೊರೆ ಈಲ್ ಮೀನು. ಅದು ಹೆದರಿಸಲು ಬಾಯಿ ತೆರೆಯುವುದಲ್ಲ, ಕಿವಿರಿಗೆ ನೀರು ಹಾಯಿಸಲು. ಅದಕ್ಕೂ ಉಸಿರಿನದೇ ಕೆಲಸ.

ಆದರೆ ನನಗೆ ಅಲ್ಲಿ ನಿಜವಾಗಿ ಹೊಸದು ಅನಿಸಿದ್ದು ಬೇರೆ. ಕೊಳದಲ್ಲಿ ಉಸಿರು ಹಿಡಿಯಬಾರದು ಅಂತ ಮಾತ್ರ ಕಲಿತಿದ್ದೆ. ಸಮುದ್ರದಲ್ಲಿ ಉಸಿರೇ ಸ್ಟೇರಿಂಗ್. ಸಿಲಿಂಡರ್ ಕಟ್ಟಿರುವ ಜಾಕೆಟ್‌ಗೆ ಗಾಳಿ ತುಂಬಿ ಒಮ್ಮೆ ಸರಿಯಾಗಿ ತೇಲುವ ಹಾಗೆ ಮಾಡಿಕೊಂಡರೆ, ಆಮೇಲೆ ಬಟನ್ ಮುಟ್ಟುವ ಕೆಲಸ ಕಮ್ಮಿ. ಎದುರಿಗೆ ಹವಳದ ದಿಬ್ಬ ಬಂದರೆ ಉದ್ದಕ್ಕೆ ಎಳೆದುಕೊಳ್ಳಬೇಕು. ಒಂದೆರಡು ಕ್ಷಣದ ನಂತರ ಮೈ ಮೆಲ್ಲಗೆ ಮೇಲೇಳುತ್ತದೆ. ದಿಬ್ಬ ದಾಟಿದ ಮೇಲೆ ಉದ್ದಕ್ಕೆ ಬಿಟ್ಟರೆ ಇಳಿಯುತ್ತದೆ. ಕೈ ಬೀಸಬೇಕಾಗಿಲ್ಲ, ಕಾಲು ಒದೆಯಬೇಕಾಗಿಲ್ಲ. ಇದು ಬಾರದವರು ಹವಳದ ಮೇಲೆ ಬೀಳುತ್ತಾರೆ, ಇಲ್ಲವೇ ಕಾಲಿಗೆ ಹಾಕುವ ಫಿನ್ಸ್‌ನಿಂದ ಮರಳು ಎಬ್ಬಿಸಿ ಅದರ ಮೇಲೆ ಸುರಿಯುತ್ತಾರೆ. ಹವಳ ಕಲ್ಲಲ್ಲ. ಲಕ್ಷಾಂತರ ಪುಟ್ಟ ಜೀವಿಗಳು ಸೇರಿ ಕಟ್ಟುವ ಸುಣ್ಣದ ಮನೆ. ದಿಮ್ಮಿಯಂಥ ಹವಳಗಳು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ನಮ್ಮ ಒಂದು ಒದೆತಕ್ಕೆ ಎಷ್ಟು ವರ್ಷದ ದುಡಿಮೆ ಹೋಗುತ್ತದೆ ಲೆಕ್ಕ ಹಾಕಿ. ಸಮುದ್ರ ಉಳಿಸುವ ಬಗ್ಗೆ ಭಾಷಣ ಮಾಡುವ ಡೈವರ್‌ಗಳಲ್ಲಿ ತೇಲುವುದನ್ನೇ ಸರಿಯಾಗಿ ಕಲಿಯದವರನ್ನೂ ನಾನು ಅಲ್ಲಿ ನೋಡಿದೆ.

ಒಂದು ಕಡೆ ಹವಳದ ಕೊಂಬೆಗಳಿಗೆ ಹಸಿರು ನೈಲಾನ್ ಬಲೆಯ ತುಂಡು ಸುತ್ತಿಕೊಂಡಿತ್ತು. ಮೀನುಗಾರರ ಕೈತಪ್ಪಿ ಹೋದ ಬಲೆ. ನೈಲಾನ್ ಕೊಳೆಯುವುದಿಲ್ಲ. ಯಾರೂ ಎಳೆಯದಿದ್ದರೂ ಅದು ಮೀನು, ಏಡಿ, ಆಮೆಗಳನ್ನು ಹಿಡಿಯುತ್ತಲೇ ಇರುತ್ತದೆ. ವಿಜಯಪುರದ ಹುಡುಗ ಎಳೆಯಲು ಕೈ ಚಾಚಿದ. ಸರ್ ತಟ್ಟನೆ ಅಂಗೈ ಅಡ್ಡ ಹಿಡಿದರು. ಎಳೆದರೆ ಬಲೆಯ ಜೊತೆ ಕೊಂಬೆಯೂ ಮುರಿದು ಬರುತ್ತದೆ. ಅವರು ಚಿಕ್ಕ ಕತ್ತರಿ ತೆಗೆದು ಒಂದೊಂದೇ ಎಳೆ ಕತ್ತರಿಸಿದರು. ನಾವಿಬ್ಬರೂ ಮುಟ್ಟದೆ, ಹತ್ತಿರದಲ್ಲಿ ತೇಲುತ್ತಾ ನೋಡಿದೆವು. ಒಂದು ಕೊಂಬೆಯಿಂದ ಬಲೆ ಬಿಟ್ಟಾಗ ಅದರ ಅಡಿ ಬಿಳಿಚಿದ ಪಟ್ಟೆ ಕಂಡಿತು. ಹವಳದ ಮೈಯೊಳಗೆ ಬಾಳುವ ಪಾಚಿಯೇ ಅದಕ್ಕೆ ಅನ್ನ, ಬಣ್ಣ ಎರಡೂ. ಬೆಳಕು ತಪ್ಪಿದರೂ ನೀರು ಬಿಸಿಯಾದರೂ ಆ ಪಾಚಿ ಬಿಟ್ಟುಹೋಗುತ್ತದೆ. ಬಿಳಿಚಿದ ಮಾತ್ರಕ್ಕೆ ಸತ್ತಿದೆ ಅಂತಲ್ಲ, ಹಸಿದಿದೆ ಅಂತ. ನೀರು ಬಿಸಿಯಾಗಿ ಜಗತ್ತಿನಾದ್ಯಂತ ಹವಳ ಬಿಳಿಚುವ ಸುದ್ದಿ 2024ರ ಏಪ್ರಿಲ್‌ನಲ್ಲಿ ಬಂದಾಗ, ಅದು ಇಂಥ ನಾಲ್ಕನೇ ಸಲ ಅಂತ ವಿಜ್ಞಾನಿಗಳು ಹೇಳಿದ್ದರು. ಪೂರ್ತಿ ಬಲೆ ಬಿಡಿಸುವ ಮೊದಲೇ ಹುಡುಗ ನನ್ನ ಗಾಳಿಯ ಗೇಜ್ ಕಡೆ ಬೆರಳು ತೋರಿಸಿದ. ಗಾಳಿ ಕಮ್ಮಿಯಾಗಿತ್ತು. 10 ಮೀಟರ್‌ನಲ್ಲಿ ಒಂದೊಂದು ಉಸಿರೂ ಮೇಲಿನ ಎರಡು ಉಸಿರಿನಷ್ಟು ಗಾಳಿ ತಿನ್ನುತ್ತದೆ. ನೋಡುವ ಭರದಲ್ಲಿ ನಾನು ಜೋರಾಗಿ ಎಳೆಯುತ್ತಿದ್ದೆ. 5 ಮೀಟರ್‌ಗೆ ಬಂದು 3 ನಿಮಿಷ ನಿಂತು, ಆಮೇಲೆ ಮೇಲೆ ಬಂದೆವು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೆಲ್ಲಗೆ ಹೊರಹೋಗಲು ಈ ನಿಲುಗಡೆ.

“ಅರ್ಧಾ ಬಲಿ ಅಲ್ಲೇ ಉಳೀತಲ್ರೀ ಸರ್” ಅಂತ ದೋಣಿಯಲ್ಲಿ ಹುಡುಗ ಒದ್ದಾಡಿದ. “ಬಲಿ ನಾಳೆನೂ ಅಲ್ಲೇ ಇರ್ತೈತಿ. ನಿಮ್ಮ ಗಾಳಿ ಇರೂದಿಲ್ಲ” ಅಂದರು ಸರ್. ಮರುದಿನ ಅವರು ಇನ್ನೊಬ್ಬರ ಜೊತೆ ಹೋಗಿ ಉಳಿದದ್ದನ್ನು ತಂದರು. ಕಲಿಯುವವರನ್ನು ಆ ಕೆಲಸಕ್ಕೆ ಕರೆದೊಯ್ಯಲಿಲ್ಲ. ಬಲೆ ನಮ್ಮನ್ನೂ ಹಿಡಿಯುತ್ತದೆ.

ನಮ್ಮ ಜಿಲ್ಲೆಗಳವರು ಗಮನಿಸಬೇಕಾದ ಒಂದು ವಿಷಯ ಇದೆ. ಡೈವ್ ಮುಗಿಸಿ ವಿಮಾನ ಹತ್ತಬಾರದು ಅಂತ ಎಲ್ಲ ಕಡೆ ಹೇಳುತ್ತಾರೆ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ್ದರೆ ಕನಿಷ್ಠ 18 ತಾಸು ಕಾಯಬೇಕು. ಘಟ್ಟದ ಬಗ್ಗೆ ಯಾರೂ ಹೇಳುವುದಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ. ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗುವ ಸಾಧ್ಯತೆ ಅಷ್ಟರಮಟ್ಟಿಗೆ ಜಾಸ್ತಿ. ಕೊನೆಯ ಡೈವ್ ಮುಗಿದ ಸಂಜೆಯೇ ಊರಿಗೆ ಹೊರಡೋಣ, ಸೋಮವಾರ ಬ್ಯಾಂಕಿದೆ ಅಂತ ನಾನು ಅವಸರ ಮಾಡಿದೆ. ಸರ್ ಕೇಳಲಿಲ್ಲ. ರಾತ್ರಿ ದಂಡೆಯಲ್ಲೇ ಕಳೆದು, ಮರುದಿನ ಊಟ ಮಾಡಿಕೊಂಡು ಘಟ್ಟ ಹತ್ತಿದೆವು. ಒಂದು ದಿನದ ರಜೆ ಹೋಯಿತು, ಅಷ್ಟೇ.

ಕಾರ್ಡ್ ಮೊಬೈಲಿಗೆ ಬಂತು. ಪರೀಕ್ಷೆ ಬರೆದು ಪಾಸಾಗಿದ್ದೆ, ಅದರಲ್ಲೇನೂ ವಿಶೇಷ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಹಾಗಾಗಿ ಕಲಿಯಬೇಕು ಅನ್ನುವವರು ಮಳೆಗಾಲದಲ್ಲಿ ಓದು, ಈಜು, ಡಾಕ್ಟರ್ ಕೆಲಸ ಮುಗಿಸಿಕೊಂಡರೆ ಅನುಕೂಲ. ಮುಂದಿನ ಸೀಸನ್‌ಗೆ ನಾನು ತೇಲುವುದನ್ನಷ್ಟೇ ಕಲಿಸುವ ಇನ್ನೊಂದು ಕೋರ್ಸ್‌ಗೆ ಹೆಸರು ಕೊಟ್ಟಿದ್ದೇನೆ. ಕತ್ತರಿ ಕೈಗೆ ಬರಬೇಕಾದರೆ ಮೊದಲು ಅದು ಆಗಬೇಕಂತೆ. ಅಣ್ಣನ ಮಗಳೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳಿಗೆ 10 ವರ್ಷ ತುಂಬಿದೆ, ವಯಸ್ಸಿನ ಅಡ್ಡಿ ಇಲ್ಲ. ಸದ್ಯ ಭಾನುವಾರ ಬೆಳಿಗ್ಗೆ ಅವಳನ್ನು ಕೊಳಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. 200 ಮೀಟರ್‌ಗೆ ಇನ್ನೂ ಬಹಳ ಬಾಕಿ ಇದೆ.